ಬ್ರೆಡ್‌ಬೋರ್ಡ್ ಮೇಲೆ ಒಂದು ಬಿಟ್, ಮಿಲ್ಲಿನ ಪ್ಯಾನೆಲ್‌ನಲ್ಲಿ ಎರಡೂವರೆ ಲಕ್ಷ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ರೈಸ್‌ಮಿಲ್‌ಗಳ ಎಲೆಕ್ಟ್ರಾನಿಕ್ ಬೋರ್ಡ್ ರಿಪೇರಿ ನನ್ನ ಕಸುಬು. ಡ್ರೈಯರ್ ಪ್ಯಾನೆಲ್, ಪ್ಯಾಕಿಂಗ್ ಮಷಿನ್ನಿನ ತೂಕದ ಕಂಟ್ರೋಲರ್, ಹಳೇ ಕಾಲದ ಪಿಎಲ್‌ಸಿ (ಯಂತ್ರ ನಡೆಸುವ ಪುಟ್ಟ ಕಂಪ್ಯೂಟರ್), ಇಂಥವು. ಈ ಹಳೇ ಬೋರ್ಡ್‌ಗಳನ್ನು ಬಿಚ್ಚಿದರೆ ಪ್ರೊಸೆಸರ್ ಪಕ್ಕದಲ್ಲೇ ಇಪ್ಪತ್ತೆಂಟು ಕಾಲಿನ ಒಂದು ಕಪ್ಪು ಚಿಪ್ ಇರುತ್ತದೆ. ಮೇಲೆ 6264 ಅಥವಾ 62256 ಅಂತ ಅಚ್ಚಾಗಿರುತ್ತದೆ, ಪಕ್ಕದಲ್ಲೊಂದು ಬಟನ್ ಸೆಲ್, ಕರೆಂಟ್ ಇಲ್ಲದಾಗ ಚಿಪ್ಪಿನ ನೆನಪು ಕಾಯಲು. ಅದೇ ಸ್ಟ್ಯಾಟಿಕ್ ರ್ಯಾಮ್, ಅಂದರೆ ಎಸ್‌ರ್ಯಾಮ್. ನಿಮ್ಮ ಲ್ಯಾಪ್‌ಟಾಪ್ ಪ್ರೊಸೆಸರ್ ಒಳಗಿನ ಕ್ಯಾಶ್, ಅಂದರೆ ಪದೇಪದೇ ಬೇಕಾಗುವುದನ್ನು ಇಡುವ ವೇಗದ ಮೆಮೊರಿಯೂ ಇದೇ ಜಾತಿಯದು. ಅಲ್ಲಿ ಕಣ್ಣಿಗೆ ಕಾಣುವುದಿಲ್ಲ, ಇಲ್ಲಿ ಕೈಗೆ ಸಿಗುತ್ತದೆ, ಅಷ್ಟೇ ವ್ಯತ್ಯಾಸ.

ಸೀಜನ್ ಮುಗಿದು ಮಿಲ್ ಬಂದ್ ಆಗಿ, ಮತ್ತೆ ಶುರುವಾಗುವ ಹೊತ್ತಿಗೆ ಬರುವ ಫೋನ್‌ಗಳಲ್ಲಿ ಅರ್ಧ ಒಂದೇ ನಮೂನೆಯವು. "ಬಂದ್ ಮಾಡುಮುಂದ ಚಲೋ ಇತ್ರಿ. ಈಗ ಚಾಲೂ ಮಾಡಿದ್ರ ತೂಕ ಹುಚ್ಚುಚ್ಚಾಗಿ ತೋರಸಾಕತ್ತೈತಿ." ಸೆಲ್ ಬದಲಿಸಿ, ಕ್ಯಾಲಿಬ್ರೇಷನ್ ಮತ್ತೆ ಹಾಕಿ ಕೊಟ್ಟರೆ ಕೆಲಸ ಮುಗಿಯುತ್ತದೆ. ಆದರೆ ನನ್ನ ಕೈಕೆಳಗೆ ಕಲಿಯಲು ಬರುವ ಐಟಿಐ ಹುಡುಗರು ಅಷ್ಟಕ್ಕೆ ಬಿಡುವವರಲ್ಲ. ಒಬ್ಬ ಚಿಪ್ಪನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದ: "ಸರ್, ಇದರಾಗ ನಂಬರ್ ಎಲ್ಲಿ ಕುಂತಿರ್ತೈತ್ರಿ? ಕರೆಂಟ್ ಹೋದ್ರ ಎಲ್ಲಿಗೆ ಹೋಗ್ತೈತ್ರಿ?" ಬೋರ್ಡ್ ಮೇಲೆ ಚಿತ್ರ ಬರೆದು ಹೇಳಿದರೆ ತಲೆ ಆಡಿಸುತ್ತಾರೆ, ಮರುದಿನ ಮತ್ತೆ ಅದೇ ಪ್ರಶ್ನೆ. ಅದಕ್ಕೇ ಒಂದೇ ಒಂದು ಬಿಟ್, ಅಂದರೆ ಒಂದು ಸೊನ್ನೆ ಅಥವಾ ಒಂದು, ಹಿಡಿಯುವ ಮೆಮೊರಿಯನ್ನು ಬ್ರೆಡ್‌ಬೋರ್ಡ್ (ಬೆಸೆಯದೆ ವೈರ್ ಚುಚ್ಚಿ ಜೋಡಿಸುವ ಹಲಗೆ) ಮೇಲೆ ಬಿಡಿಭಾಗಗಳಿಂದ ಕಟ್ಟಿದೆ. ಯಾರು ಬೇಕಾದರೂ ಕಟ್ಟಬಹುದು, ಖರ್ಚೂ ಹೆಚ್ಚಿಲ್ಲ.

ಬೇಕಾದದ್ದು ಎರಡು ಬಿಸಿ 547ಬಿ ಟ್ರಾನ್ಸಿಸ್ಟರ್, 4.7 ಕಿಲೋಓಮ್‌ನ ಎರಡು, 47 ಕಿಲೋಓಮ್‌ನ ಎರಡು ಮತ್ತು 10 ಕಿಲೋಓಮ್‌ನ ಒಂದು ರೆಸಿಸ್ಟರ್, ಎರಡು ಕೆಂಪು ಎಲ್‌ಇಡಿ, ಸಿಡಿ 4066 ಅನ್ನುವ ಒಂದು ಸ್ವಿಚ್ ಚಿಪ್, 100 ನ್ಯಾನೋಫ್ಯಾರಡ್‌ನ ಎರಡು ಕೆಪಾಸಿಟರ್, ನಾಲ್ಕಾರು ಪುಶ್ ಬಟನ್. ಪವರ್‌ಗೆ 5 ವೋಲ್ಟ್‌ನ ಹಳೇ ಮೊಬೈಲ್ ಚಾರ್ಜರ್ ಸಾಕು. ಬಿಸಿ 547ರ ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ ಹಿಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್.

ಎರಡೂ ಟ್ರಾನ್ಸಿಸ್ಟರ್‌ಗಳ ಎಮಿಟರ್ ಗ್ರೌಂಡಿಗೆ. 5 ವೋಲ್ಟ್‌ನಿಂದ ಒಂದು ಎಲ್‌ಇಡಿ, ಅದರ ಬೆನ್ನಿಗೆ 4.7 ಕಿಲೋಓಮ್, ಅಲ್ಲಿಂದ ಕಲೆಕ್ಟರ್‌ಗೆ. ಎರಡೂ ಕಡೆ ಹೀಗೇ. ಇನ್ನು ಉಳಿದದ್ದೇ ಮುಖ್ಯ ಜೋಡಣೆ: ಮೊದಲನೆಯದರ ಕಲೆಕ್ಟರ್‌ನಿಂದ 47 ಕಿಲೋಓಮ್ ಮೂಲಕ ಎರಡನೆಯದರ ಬೇಸಿಗೆ, ಎರಡನೆಯದರ ಕಲೆಕ್ಟರ್‌ನಿಂದ ಇನ್ನೊಂದು 47 ಕಿಲೋಓಮ್ ಮೂಲಕ ಮೊದಲನೆಯದರ ಬೇಸಿಗೆ. ಅಡ್ಡಡ್ಡ ಕಟ್ಟಿದ್ದು, ಅಷ್ಟೇ.

ಪವರ್ ಕೊಟ್ಟರೆ ಒಂದು ಎಲ್‌ಇಡಿ ಮಾತ್ರ ಬೆಳಗುತ್ತದೆ. ಮೊದಲ ಟ್ರಾನ್ಸಿಸ್ಟರ್ ಆನ್ ಆದರೆ ಅದರ ಕಲೆಕ್ಟರ್ ಗ್ರೌಂಡಿಗೆ ಇಳಿಯುತ್ತದೆ, ಆಗ ಎರಡನೆಯದರ ಬೇಸಿಗೆ ಏನೂ ಸಿಗದೆ ಅದು ಆಫ್. ಎರಡನೆಯದು ಆಫ್ ಆದ್ದರಿಂದ ಅದರ ಕಲೆಕ್ಟರ್ ಮೇಲೆಯೇ ಉಳಿದು, ಮೊದಲನೆಯದರ ಬೇಸಿಗೆ ಕರೆಂಟ್ ಕೊಡುತ್ತಲೇ ಇರುತ್ತದೆ. ಒಂದು ಇನ್ನೊಂದನ್ನು ಮಲಗಿಸಿ, ಮಲಗಿದ್ದು ಎದ್ದಿರುವುದನ್ನು ಎಬ್ಬಿಸಿಯೇ ಇಡುತ್ತದೆ. ಆಫ್ ಇರುವ ಕಡೆಯ ಕಲೆಕ್ಟರ್‌ಗೆ ಒಂದು ವೈರ್ ತಾಕಿಸಿ ಕ್ಷಣಮಾತ್ರ ಗ್ರೌಂಡ್ ಮಾಡಿ: ಪಟ್ಟನೆ ಈ ಎಲ್‌ಇಡಿ ಆರಿ ಆ ಎಲ್‌ಇಡಿ ಹತ್ತುತ್ತದೆ. ವೈರ್ ತೆಗೆದರೂ ಹಾಗೇ ಇರುತ್ತದೆ. ಒಂದು ಬಿಟ್ ನೆನಪು ಎಂದರೆ ಇದು.

ಹುಡುಗನ ಪ್ರಶ್ನೆಗೆ ಇಲ್ಲೇ ಅರ್ಧ ಉತ್ತರ ಸಿಕ್ಕಿತು. ನಂಬರ್ ಎಲ್ಲೂ "ಕುಂತಿಲ್ಲ". ಎರಡು ಟ್ರಾನ್ಸಿಸ್ಟರ್ ಪವರ್ ಸಪ್ಲೈನಿಂದ ಬಲ ತೆಗೆದುಕೊಂಡು ಒಂದು ಸ್ಥಿತಿಯನ್ನು ಕ್ಷಣಕ್ಷಣವೂ ಹಿಡಿದಿವೆ. ಸಪ್ಲೈ ಹೋದರೆ ಹಿಡಿಯುವವರೇ ಇಲ್ಲ. ಇದರ ಹುಟ್ಟು ಇಂದಿನದಲ್ಲ. 1918ರಲ್ಲಿ ಇಂಗ್ಲೆಂಡಿನಲ್ಲಿ ಎಕ್ಲಿಸ್ ಮತ್ತು ಜೋರ್ಡನ್ ಎಂಬಿಬ್ಬರು ಎರಡು ರೇಡಿಯೋ ವಾಲ್ವ್‌ಗಳನ್ನು ಹೀಗೇ ಅಡ್ಡಡ್ಡ ಕಟ್ಟಿ ಪೇಟೆಂಟಿಗೆ ಅರ್ಜಿ ಹಾಕಿದ್ದರು. 1969ರಲ್ಲಿ ಇಂಟೆಲ್ ತನ್ನ ಮೊಟ್ಟಮೊದಲ ಸರಕಾಗಿ ಮಾರುಕಟ್ಟೆಗೆ ತಂದ 3101 ಚಿಪ್ ಕೂಡ ಎಸ್‌ರ್ಯಾಮೇ. ಅದರಲ್ಲಿದ್ದದ್ದು ಕೇವಲ 64 ಬಿಟ್.

ಇನ್ನೊಂದು ತಮಾಷೆ ಇದೇ ಬೋರ್ಡ್ ಮೇಲೆ ತೋರಿಸಬಹುದು. ಪವರ್ ತೆಗೆದು ಹಾಕಿ, ತೆಗೆದು ಹಾಕಿ ನೋಡಿ. ಹೆಚ್ಚಿನ ಸಲ ಒಂದೇ ಕಡೆಯ ಎಲ್‌ಇಡಿ ಹತ್ತುತ್ತದೆ. ಎರಡೂ ಒಂದೇ ನಂಬರಿನ ಟ್ರಾನ್ಸಿಸ್ಟರ್ ಆದರೂ ಅವಳಿಗಳಲ್ಲ, ಒಂದರ ಗೇನ್ (ಕರೆಂಟ್ ಹಿಗ್ಗಿಸುವ ತಾಕತ್ತು) ಚೂರು ಹೆಚ್ಚು ಇರುತ್ತದೆ, ಅದೇ ಮೊದಲು ಏಳುತ್ತದೆ. ಎರಡನ್ನೂ ಅದಲುಬದಲು ಮಾಡಿ ಕೂರಿಸಿದರೆ ಬೆಳಕೂ ಆ ಕಡೆಗೆ ಹೋಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ದೊಡ್ಡ ಚಿಪ್ಪಿನಲ್ಲಿ ಮತ್ತೆ ಎದುರಾಗುತ್ತದೆ.

ಈಗ ಓದುವುದು, ಬರೆಯುವುದು. ಪಠ್ಯಪುಸ್ತಕದ ಚಿತ್ರದಲ್ಲಿ ಎಸ್‌ರ್ಯಾಮ್ ಕೋಶ ಅಂದರೆ ಆರು ಟ್ರಾನ್ಸಿಸ್ಟರ್. ನಾಲ್ಕು ಸೇರಿ ಅಡ್ಡಡ್ಡ ಕಟ್ಟಿದ ಎರಡು ಇನ್ವರ್ಟರ್ (ಬಂದದ್ದನ್ನು ಉಲ್ಟಾ ಮಾಡಿ ಕೊಡುವ ಸರ್ಕ್ಯೂಟ್), ಉಳಿದೆರಡು ಎಡಬಲದ ಬಾಗಿಲು. ಎರಡೂ ಬಾಗಿಲನ್ನು ಒಟ್ಟಿಗೆ ತೆರೆಯುವ ತಂತಿ ವರ್ಡ್ ಲೈನ್. ಬಾಗಿಲ ಹೊರಗೆ ಇರುವ ಎರಡು ತಂತಿ ಬಿಟ್ ಲೈನ್‌ಗಳು, ಒಂದು ಇನ್ನೊಂದರ ಉಲ್ಟಾ. ನನ್ನ ಬೋರ್ಡಿನಲ್ಲಿ ಇನ್ವರ್ಟರ್‌ಗಳ ಮೇಲಿನ, ಅಂದರೆ 5 ವೋಲ್ಟ್ ಕಡೆಯ, ಎರಡು ಟ್ರಾನ್ಸಿಸ್ಟರ್ ಬದಲು ರೆಸಿಸ್ಟರ್ ಇದೆ. ಇದು ಬಡವನ ಉಪಾಯವೇನಲ್ಲ, ಹಿಂದಿನ ಎಷ್ಟೋ ಎಸ್‌ರ್ಯಾಮ್ ಚಿಪ್‌ಗಳೇ ಜಾಗ ಉಳಿಸಲು ನಾಲ್ಕು ಟ್ರಾನ್ಸಿಸ್ಟರ್, ಎರಡು ರೆಸಿಸ್ಟರ್ ಲೆಕ್ಕದಲ್ಲಿ ತಯಾರಾಗುತ್ತಿದ್ದವು. ಬಾಗಿಲ ಕೆಲಸಕ್ಕೆ ಸಿಡಿ 4066 ಇದೆ. ಅದರಲ್ಲಿ ನಾಲ್ಕು ಸ್ವಿಚ್ ಇವೆ, ನಮಗೆ ಎರಡು ಸಾಕು. 1 ಮತ್ತು 2ನೇ ಕಾಲಿನ ಸ್ವಿಚ್ಚಿಗೆ 13ನೇ ಕಾಲು ಕಂಟ್ರೋಲ್, 3 ಮತ್ತು 4ರ ಸ್ವಿಚ್ಚಿಗೆ 5ನೇ ಕಾಲು. ಈ 13 ಮತ್ತು 5 ಎರಡನ್ನೂ ಕೂಡಿಸಿ ಒಂದು ಬಟನ್ ಮೂಲಕ 5 ವೋಲ್ಟಿಗೆ ಕೊಟ್ಟರೆ ಅದೇ ವರ್ಡ್ ಲೈನ್. ಬಟನ್ ಒತ್ತದಾಗ ತೇಲದಂತೆ 10 ಕಿಲೋಓಮ್ ಒಂದನ್ನು ಅಲ್ಲಿಂದ ಗ್ರೌಂಡಿಗೆ ಹಾಕಿ. ಉಳಿದ ಎರಡು ಸ್ವಿಚ್‌ಗಳ ಕಂಟ್ರೋಲ್ ಕಾಲು 6 ಮತ್ತು 12, ಅವನ್ನೂ ಗ್ರೌಂಡಿಗೆ ಕಟ್ಟಿಬಿಡಿ.

ಎರಡೂ ಸ್ವಿಚ್ಚಿನ ಒಂದು ತುದಿ ಆಯಾ ಕಡೆಯ ಕಲೆಕ್ಟರ್‌ಗೆ. ಹೊರತುದಿಗಳಲ್ಲಿ, ಅಂದರೆ ಬಿಟ್ ಲೈನ್‌ಗಳಲ್ಲಿ, ತಲಾ ಒಂದು 100 ನ್ಯಾನೋಫ್ಯಾರಡ್ ಕೆಪಾಸಿಟರ್ ಗ್ರೌಂಡಿಗೆ. ನಿಜವಾದ ಚಿಪ್ಪಿನಲ್ಲಿ ಈ ಕೆಪಾಸಿಟರ್ ಯಾರೂ ಬೇಕೆಂದು ಹಾಕಿದ್ದಲ್ಲ. ಒಂದೇ ಬಿಟ್ ಲೈನಿಗೆ ನೂರಾರು ಕೋಶಗಳು ನೇತಾಡುವುದರಿಂದ ತಂತಿ ಉದ್ದವಾಗಿ ಅದರ ಧಾರಣಶಕ್ತಿ ತಾನಾಗಿ ಬೆಳೆಯುತ್ತದೆ. ಪುಟ್ಟ ಕೋಶವೊಂದು ಅಷ್ಟು ಭಾರದ ತಂತಿಯನ್ನು ಎಳೆಯಬೇಕು.

ಬರೆಯುವುದು ಸುಲಭ. ಒಂದು ಬಿಟ್ ಲೈನನ್ನು ಗ್ರೌಂಡಿಗೆ, ಇನ್ನೊಂದನ್ನು 5 ವೋಲ್ಟಿಗೆ ಹಿಡಿದು ವರ್ಡ್ ಲೈನ್ ಒತ್ತಿದರೆ ಕೋಶ ಅದಕ್ಕೆ ಮಣಿಯುತ್ತದೆ. 4066ರ ಸ್ವಿಚ್ ಆನ್ ಆದಾಗ 5 ವೋಲ್ಟ್‌ನಲ್ಲಿ ಅದರ ತಡೆ ಸುಮಾರು ಐನೂರು ಓಮ್, ಮೇಲಿನಿಂದ ಎತ್ತಿ ಹಿಡಿಯುವ ರೆಸಿಸ್ಟರ್ 4.7 ಕಿಲೋಓಮ್. ಐನೂರರ ಮುಂದೆ ನಾಲ್ಕು ಸಾವಿರದ ಏಳುನೂರರ ಆಟ ನಡೆಯುವುದಿಲ್ಲ, ಕಲೆಕ್ಟರ್ ಅರ್ಧ ವೋಲ್ಟಿಗಿಂತ ಕೆಳಗೆ ಇಳಿಯುತ್ತದೆ.

ಓದುವುದರಲ್ಲೇ ಎಲ್ಲ ಸೂಕ್ಷ್ಮ ಇರುವುದು. ಓದುವ ಮೊದಲು ಎರಡೂ ಬಿಟ್ ಲೈನ್‌ಗಳನ್ನು 5 ವೋಲ್ಟಿಗೆ ಚಾರ್ಜ್ ಮಾಡಿ ಕೈಬಿಡಬೇಕು. ಇದಕ್ಕೆ ಪ್ರೀಚಾರ್ಜ್ ಅನ್ನುತ್ತಾರೆ. ಆಮೇಲೆ ವರ್ಡ್ ಲೈನ್ ತೆರೆದರೆ ಶೂನ್ಯ ಇರುವ ಕಡೆಯ ಟ್ರಾನ್ಸಿಸ್ಟರ್ ತನ್ನ ಬಿಟ್ ಲೈನಿನ ಚಾರ್ಜನ್ನು ಗ್ರೌಂಡಿಗೆ ಹರಿಸುತ್ತದೆ, ಇನ್ನೊಂದು ಲೈನ್ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ನಮ್ಮ ಹುಡುಗರಿಗೆ ಇದನ್ನು ಕಾಲುವೆ ಲೆಕ್ಕದಲ್ಲೇ ಹೇಳಿದೆ: ಅಕ್ಕಪಕ್ಕದ ಎರಡು ಉಪಕಾಲುವೆ ತುಂಬಿಸಿ ಮೇಲಿನ ಗೇಟ್ ಇಳಿಸಿ, ಆಮೇಲೆ ತೂಬು ಎತ್ತಿದರೆ ಯಾವ ಕಾಲುವೆಯ ಗೇಜ್ ಇಳಿಯಿತೋ ಆ ಕಡೆಯ ಗದ್ದೆ ನೀರು ಕುಡಿಯುತ್ತಿದೆ ಅಂತ ಅರ್ಥ. ಕಾಲುವೆ ಪೂರಾ ಖಾಲಿ ಆಗುವ ತನಕ ಯಾವ ಗ್ಯಾಂಗ್‌ಮನ್ನೂ ಕಾಯುವುದಿಲ್ಲ, ಗೇಜ್ ಎರಡು ಬೆರಳು ಇಳಿದರೆ ಗೊತ್ತಾಗಿಬಿಡುತ್ತದೆ. ಚಿಪ್ಪಿನಲ್ಲಿ ಆ ಗೇಜ್ ನೋಡುವ ಸರ್ಕ್ಯೂಟ್‌ಗೆ ಸೆನ್ಸ್ ಆಂಪ್ಲಿಫೈಯರ್ ಅನ್ನುತ್ತಾರೆ. ಎರಡು ಲೈನಿನ ನಡುವೆ 100 ಮಿಲಿವೋಲ್ಟ್ ಆಸುಪಾಸಿನ ಅಂತರ ಬಂದರೂ ಅದಕ್ಕೆ ತೀರ್ಪು ಕೊಡಲು ಸಾಕು. ಎಸ್‌ರ್ಯಾಮ್ ವೇಗದ ಗುಟ್ಟಿನಲ್ಲಿ ಇದೂ ಒಂದು.

ಸ್ಕೋಪಿನ (ವೋಲ್ಟೇಜನ್ನು ಗೆರೆಯಾಗಿ ತೋರಿಸುವ ಉಪಕರಣ) ಒಂದೊಂದು ಚಾನೆಲ್ ಒಂದೊಂದು ಬಿಟ್ ಲೈನಿಗೆ ಹಾಕಿ ವರ್ಡ್ ಲೈನ್ ಒತ್ತಿ ನೋಡಿ. ಒಂದು ಗೆರೆ ಥಟ್ಟನೆ ಬೀಳುತ್ತದೆ, 500 ಓಮ್ ಮತ್ತು 100 ನ್ಯಾನೋಫ್ಯಾರಡ್ ಗುಣಿಸಿದರೆ ಬರುವ 50 ಮೈಕ್ರೋಸೆಕೆಂಡ್ ಅಳತೆಯಲ್ಲಿ. ಇನ್ನೊಂದು ಸೋಮಾರಿಯ ಹಾಗೆ ನಿಧಾನಕ್ಕೆ ಜಾರುತ್ತದೆ, ಯಾಕೆಂದರೆ ಅದಕ್ಕೆ ಇರುವ ದಾರಿ 47 ಕಿಲೋಓಮ್ ಒಂದೇ. ಎಲ್‌ಇಡಿ ಮಾತ್ರ ಬದಲಾಗುವುದಿಲ್ಲ. ಓದಿದೆವು, ನೆನಪು ಹಾಗೇ ಉಳಿಯಿತು.

ಇಲ್ಲಿಗೆ ನಿಲ್ಲಿಸಬೇಡಿ. ಎರಡೂ 47 ಕಿಲೋಓಮ್ ಕಿತ್ತು ಆ ಜಾಗದಲ್ಲಿ 470 ಕಿಲೋಓಮ್ ಹಾಕಿ. ಪವರ್ ಕೊಡಿ, ವೈರ್ ತಾಕಿಸಿ ಬಿಟ್ ಬರೆಯಿರಿ, ಹೊತ್ತು ಬಿಟ್ಟು ನೋಡಿ: ಏನೂ ವ್ಯತ್ಯಾಸ ಇಲ್ಲ, ಮೊದಲಿನಂತೆಯೇ ಹಿಡಿದುಕೊಂಡಿರುತ್ತದೆ. ಈಗ ಬಿಟ್ ಲೈನ್ ಎರಡನ್ನೂ ಚಾರ್ಜ್ ಮಾಡಿ ವರ್ಡ್ ಲೈನ್ ಒತ್ತಿ. ಬರೆದ ಬಿಟ್ ಹೋಯಿತು! ಹೆಚ್ಚಿನ ಸಲ, ಪವರ್ ಕೊಟ್ಟಾಗ ತಾನಾಗಿ ಹತ್ತುತ್ತಿದ್ದ ಎಲ್‌ಇಡಿಯೇ ಬಂದು ಕೂರುತ್ತದೆ. ಆಗಿದ್ದೇನೆಂದರೆ, ಬೇಸಿಗೆ ಸಿಗುವ ಕರೆಂಟ್ ಹತ್ತರಲ್ಲಿ ಒಂದು ಪಾಲಾಯಿತು. ಆನ್ ಇರುವ ಟ್ರಾನ್ಸಿಸ್ಟರ್‌ಗೆ ತನ್ನ ಎಲ್‌ಇಡಿಯ ಮುಕ್ಕಾಲು ಮಿಲಿಆಂಪ್ ಎಳೆಯುವ ತಾಕತ್ತು ಇನ್ನೂ ಇದೆ, ಆದ್ದರಿಂದ ಸುಮ್ಮನಿದ್ದಾಗ ಚೆನ್ನಾಗಿದೆ. ಬಾಗಿಲು ತೆರೆದಾಗ ಬಿಟ್ ಲೈನಿನಿಂದ ಹತ್ತು ಮಿಲಿಆಂಪ್ ನುಗ್ಗುತ್ತದೆ, ಅದನ್ನು ತಡೆಯುವ ತಾಕತ್ತು ಇಲ್ಲ. ಶೂನ್ಯದ ಕಡೆಯೂ ಮೇಲೇರಿ, ಎರಡೂ ಬದಿ ಒಂದೇ ಎತ್ತರಕ್ಕೆ ಬಂದು, ಯಾವುದು ಯಾವುದೆಂದು ಕೋಶಕ್ಕೇ ಗೊತ್ತಿಲ್ಲದಂತಾಗುತ್ತದೆ.

ನನ್ನ ಮಟ್ಟಿಗೆ ಎಸ್‌ರ್ಯಾಮ್ ಅರ್ಥವಾಗುವುದು ಈ ಜಾಗದಲ್ಲಿ. ಪುಸ್ತಕದ ಚಿತ್ರದಲ್ಲಿ ಆರು ಟ್ರಾನ್ಸಿಸ್ಟರ್‌ಗಳೂ ಒಂದೇ ಅಳತೆಯಲ್ಲಿ ಬರೆದಿರುತ್ತಾರೆ, ನೋಡಿದವರು ಆರೂ ಸಮ ಅಂದುಕೊಳ್ಳುತ್ತಾರೆ. ಸಮ ಇದ್ದರೆ ನಡೆಯುವುದಿಲ್ಲ. ಕೆಳಗೆ ಎಳೆಯುವ ಟ್ರಾನ್ಸಿಸ್ಟರ್ ಬಾಗಿಲಿಗಿಂತ ಬಲವಾಗಿರಬೇಕು, ಇಲ್ಲದಿದ್ದರೆ ಓದುವಾಗ ಅಳಿಸಿಹೋಗುತ್ತದೆ. ಬಾಗಿಲು ಮೇಲೆತ್ತುವ ಟ್ರಾನ್ಸಿಸ್ಟರ್‌ಗಿಂತ ಬಲವಾಗಿರಬೇಕು, ಇಲ್ಲದಿದ್ದರೆ ಬರೆಯಲಿಕ್ಕೇ ಆಗುವುದಿಲ್ಲ. ಸಿಮಾಸ್, ಅಂದರೆ ಪಿ ಮತ್ತು ಎನ್ ಎರಡೂ ಜಾತಿಯ ಟ್ರಾನ್ಸಿಸ್ಟರ್ ಇರುವ ಚಿಪ್ಪಿನಲ್ಲಿ ಮೇಲೆತ್ತುವುದು ಪಿ ಜಾತಿಯ ಟ್ರಾನ್ಸಿಸ್ಟರ್, ಅದು ಸ್ವಭಾವತಃ ಎನ್ ಜಾತಿಯದಕ್ಕಿಂತ ದುರ್ಬಲ, ಹಾಗಾಗಿ ಅರ್ಧ ಕೆಲಸ ತಾನಾಗಿ ಆಗಿಬಿಡುತ್ತದೆ. ಉಳಿದರ್ಧವನ್ನು ವಿನ್ಯಾಸ ಮಾಡುವವರು ಅಗಲ ಉದ್ದ ಹೊಂದಿಸಿ ಸಾಧಿಸುತ್ತಾರೆ. ಟ್ರಾನ್ಸಿಸ್ಟರ್ ಚಿಕ್ಕದಾದಷ್ಟೂ ಈ ಬಲಗಳ ಹೊಂದಾಣಿಕೆ ಕೈ ತಪ್ಪುತ್ತದೆ. ಈಚಿನ ಚಿಪ್‌ಗಳಲ್ಲಿ ಲಾಜಿಕ್ ಭಾಗ ಕುಗ್ಗಿದಷ್ಟು ಎಸ್‌ರ್ಯಾಮ್ ಕೋಶ ಕುಗ್ಗುತ್ತಿಲ್ಲ ಅನ್ನುವುದಕ್ಕೆ ಇದೂ ಒಂದು ಕಾರಣ.

ಕಂಪ್ಯೂಟರಿನ ದೊಡ್ಡ ರ್ಯಾಮ್, ಅಂಗಡಿಯಲ್ಲಿ 8 ಜಿಬಿ, 16 ಜಿಬಿ ಅಂತ ಸಿಗುವ ಪಟ್ಟಿ, ಇದಲ್ಲ. ಅದು ಡಿರ್ಯಾಮ್: ಬಿಟ್‌ಗೆ ಒಂದೇ ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್. ಅಲ್ಲಿ ಚಾರ್ಜ್ ಸೋರುತ್ತಲೇ ಇರುತ್ತದೆ, ಸಾಮಾನ್ಯವಾಗಿ 64 ಮಿಲಿಸೆಕೆಂಡ್ ಒಳಗೆ ಪ್ರತಿ ಸಾಲನ್ನೂ ಓದಿ ಮತ್ತೆ ತುಂಬಬೇಕು. ಓದಿದರೆ ಅಳಿಸಿಯೂ ಹೋಗುತ್ತದೆ, ಓದಿದ್ದನ್ನು ಮತ್ತೆ ಬರೆದಿಡಬೇಕು. ಎಸ್‌ರ್ಯಾಮ್‌ಗೆ ಆ ಕಾಟ ಇಲ್ಲ. ಅದಕ್ಕೇ ಪ್ರೊಸೆಸರ್ ಪಕ್ಕದಲ್ಲೇ ಇರಬೇಕಾದ ಎಲ್1, ಎಲ್2, ಎಲ್3 ಕ್ಯಾಶ್‌ಗಳಿಗೆ ಇದೇ ಬೇಕು. ಎಲ್1 ಕೆಲವೇ ಕ್ಲಾಕ್ ಬಡಿತದಲ್ಲಿ ಉತ್ತರ ಕೊಟ್ಟರೆ, ಡಿರ್ಯಾಮ್ ತನಕ ಹೋಗಿ ಬರಲು ನೂರಾರು ಕ್ಲಾಕ್ ಹಿಡಿಯುತ್ತದೆ. ಹಾಗಾದರೆ ಎಲ್ಲವನ್ನೂ ಎಸ್‌ರ್ಯಾಮಲ್ಲೇ ಮಾಡಬಾರದೇಕೆ? ಲೆಕ್ಕ ಹಾಕಿ. 2022ರಲ್ಲಿ ಬಂದ ಎಎಂಡಿಯ ರೈಜೆನ್ 7 5800ಎಕ್ಸ್3ಡಿ ಪ್ರೊಸೆಸರಿನಲ್ಲಿ 96 ಎಂಬಿ ಎಲ್3 ಕ್ಯಾಶ್ ಇದೆ. ಬಿಟ್‌ಗೆ ಆರರಂತೆ, ಬರೀ ಕೋಶಗಳಿಗೇ 480 ಕೋಟಿಗೂ ಮೇಲೆ ಟ್ರಾನ್ಸಿಸ್ಟರ್. ಅದೂ 96 ಎಂಬಿಗೆ. 16 ಜಿಬಿಗೆ ಎಷ್ಟಾದೀತು, ಯಾರು ಕೊಂಡಾರು?

ಒಂದು ಬಿಟ್ ಆದ ಮೇಲೆ ಮೇಜಿನ ಮೇಲೆ 62256 ಬಂತು, ಗುಜರಿಗೆ ಹೋಗಬೇಕಿದ್ದ ಒಂದು ಬೋರ್ಡಿನಿಂದ ಬಿಚ್ಚಿದ್ದು. 32,768 ಬೈಟ್, ಬೈಟ್‌ಗೆ ಎಂಟು ಬಿಟ್‌ನಂತೆ 2,62,144 ಬಿಟ್. 512 ಗುಣಿಸು 512 ಮಾಡಿದರೂ ಅಷ್ಟೇ ಬರುತ್ತದೆ. ಒಳಗೆ ಹೆಚ್ಚುಕಡಿಮೆ ಅಂಥದ್ದೇ ಚೌಕದ ಹೊಲ. ವಿಳಾಸದ ಒಂದು ಭಾಗ ಒಂದು ಸಾಲಿನ ವರ್ಡ್ ಲೈನನ್ನು ಎಬ್ಬಿಸುತ್ತದೆ, ಇನ್ನೊಂದು ಭಾಗ ಆ ಸಾಲಿನಲ್ಲಿ ಎಂಟು ಬಿಟ್‌ಗಳನ್ನು ಆರಿಸುತ್ತದೆ. ಗಮನಿಸಿ, ಎಬ್ಬಿಸಿದ ವರ್ಡ್ ಲೈನಿಗೆ ಸೇರಿದ, ನಾವು ಕೇಳದೇ ಇದ್ದ ಕೋಶಗಳ ಬಾಗಿಲೂ ತೆರೆದಿರುತ್ತದೆ. ಅವೂ ತಮ್ಮ ತಮ್ಮ ಬಿಟ್ ಲೈನ್ ಎಳೆಯುತ್ತಿರುತ್ತವೆ. 470 ಕಿಲೋಓಮ್ ಹಾಕಿದಾಗ ಆದ ಗತಿ ಅವುಗಳಲ್ಲಿ ಒಂದಕ್ಕೆ ಆದರೂ, ಯಾರದೋ ಬೈಟ್ ಓದಲು ಹೋಗಿ ಇನ್ಯಾರದೋ ಬೈಟ್ ಕೆಟ್ಟಂತಾಗುತ್ತದೆ.

ಚಿಪ್ಪಿಗೆ ವಿಳಾಸದ ಕಾಲು 15, ಡೇಟಾದ್ದು 8, ಕಂಟ್ರೋಲ್ 3, ಒಟ್ಟು 26. ಅದಕ್ಕೆ ಬರೆಯಲು, ಓದಲು ಬಳಸಿದ್ದು ಆರ್ಡುಯಿನೋ ಯುನೋ ಎಂಬ ಪುಟ್ಟ ಪ್ರೋಗ್ರಾಂ ಬೋರ್ಡು, ಅದರಲ್ಲಿ ಸೀರಿಯಲ್ ಮಾನಿಟರಿಗೆ (ಓದಿದ್ದನ್ನು ಕಂಪ್ಯೂಟರಿನಲ್ಲಿ ನೋಡಲು) ಎರಡು ಬಿಟ್ಟರೆ ಉಳಿಯುವುದು 18 ಕಾಲು. ನಾನು ಎ0ರಿಂದ ಎ6ರ ವರೆಗಿನ ಏಳು ವಿಳಾಸದ ಕಾಲು ಮಾತ್ರ ಬಳಸಿ, ಉಳಿದ ವಿಳಾಸದ ಕಾಲುಗಳನ್ನು ಗ್ರೌಂಡಿಗೆ ಕಟ್ಟಿದೆ. 128 ಬೈಟ್ ಸಿಕ್ಕಿತು, ಕಲಿಯಲಿಕ್ಕೆ ಧಾರಾಳವಾಯಿತು. 28ನೇ ಕಾಲು 5 ವೋಲ್ಟ್, 14 ಗ್ರೌಂಡ್, 20 ಚಿಪ್ ಎನೇಬಲ್, 22 ಔಟ್‌ಪುಟ್ ಎನೇಬಲ್, 27 ರೈಟ್ ಎನೇಬಲ್. ಈ ಮೂರೂ ಕೆಳಗಿಳಿದಾಗ ಕೆಲಸ ಮಾಡುವಂಥವು. 28ರ ಬುಡದಲ್ಲೇ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಮರೆಯಬೇಡಿ. ವಿಳಾಸದ ವೈರ್‌ಗಳು ಒಂದಕ್ಕೊಂದು ಅದಲುಬದಲಾದರೆ ಗಾಬರಿ ಬೇಡ. ಬರೆಯುವಾಗಿನ ಅದಲುಬದಲೇ ಓದುವಾಗಲೂ ಇರುವುದರಿಂದ ರ್ಯಾಮ್‌ಗೆ ಅದು ಗೊತ್ತೂ ಆಗುವುದಿಲ್ಲ. ಡೇಟಾ ಕಾಲುಗಳಿಗೂ ಇದೇ ಮಾತು.

ಬರೆಯುವ ಕ್ರಮದಲ್ಲಿ ಒಂದೇ ಕಟ್ಟುನಿಟ್ಟು. ಮೊದಲು ವಿಳಾಸ ನಿಲ್ಲಿಸಿ, ಡೇಟಾ ಕೊಟ್ಟು, ಆಮೇಲೆ 27ನೇ ಕಾಲು ಇಳಿಸಿ, ಏರಿಸಿ. ಏರುವ ಕ್ಷಣದಲ್ಲಿ ಇದ್ದ ಡೇಟಾ ಒಳಗೆ ಉಳಿಯುತ್ತದೆ. 27 ಕೆಳಗಿರುವಾಗ ವಿಳಾಸ ಅಲುಗಾಡಿದರೆ ದಾರಿಯಲ್ಲಿ ಸಿಕ್ಕ ಮನೆಗಳಿಗೆಲ್ಲ ಬರೆದುಕೊಂಡು ಹೋಗುತ್ತದೆ. ಸಮಯದ ಚಿಂತೆ ಇಲ್ಲ. ಈ ಚಿಪ್ 70 ನ್ಯಾನೋಸೆಕೆಂಡಿನಲ್ಲಿ ಉತ್ತರ ಕೊಡುವಂಥದ್ದು, ಯುನೋದ 16 ಮೆಗಾಹರ್ಟ್ಸ್ ಕ್ಲಾಕಿನ ಒಂದು ಬಡಿತವೇ 62.5 ನ್ಯಾನೋಸೆಕೆಂಡ್. ಒಂದು ಕಾಲು ಏರಿಸುವ ಆರ್ಡುಯಿನೋ ಆಜ್ಞೆಗೆ ಹಲವು ಮೈಕ್ರೋಸೆಕೆಂಡ್ ಬೇಕು. ಅಷ್ಟರಲ್ಲಿ ಚಿಪ್ ಉತ್ತರ ಹಿಡಿದು ಕಾಯುತ್ತಿರುತ್ತದೆ.

ಮೊದಲು ಏನೂ ಬರೆಯದೆ, ಪವರ್ ಕೊಟ್ಟ ತಕ್ಷಣ 128 ಬೈಟನ್ನೂ ಓದಿಸಿದೆ. ಹುಡುಗರು ಎಲ್ಲ ಸೊನ್ನೆ ಬರುತ್ತದೆ ಅಂದುಕೊಂಡಿದ್ದರು. ಬಂದದ್ದು ಕಲಬೆರಕೆ. ಆದರೆ ಪವರ್ ತೆಗೆದು ಹಾಕಿ ಮತ್ತೆ ಓದಿದರೆ ಹೆಚ್ಚಿನ ಬಿಟ್‌ಗಳು ಮತ್ತೆ ಅದೇ ಅದೇ, ಕೆಲವು ಮಾತ್ರ ಒಮ್ಮೆ ಹೀಗೆ ಒಮ್ಮೆ ಹಾಗೆ. ಬ್ರೆಡ್‌ಬೋರ್ಡಿನ ಪಕ್ಷಪಾತಿ ಎಲ್‌ಇಡಿಯೇ ಇಲ್ಲಿ ಸಾವಿರ ಸಂಖ್ಯೆಯಲ್ಲಿ. ಪ್ರತಿ ಕೋಶಕ್ಕೂ ತನ್ನ ಒಲವು ಇದೆ, ಎರಡು ಚಿಪ್‌ಗಳ ಒಲವು ಒಂದೇ ಆಗಿರುವುದಿಲ್ಲ. ಈ ಗುಣವನ್ನೇ ಚಿಪ್ಪಿನ ಬೆರಳಚ್ಚಾಗಿ ಭದ್ರತೆಯ ಕೆಲಸಕ್ಕೆ ಬಳಸುವವರೂ ಇದ್ದಾರೆ.

ಇಲ್ಲೊಂದು ಮೋಸ ಇದೆ. ಚಿಪ್ಪಿನ 28ನೇ ಕಾಲಿನ ವೈರ್ ಕಿತ್ತರೂ ಕೆಲವೊಮ್ಮೆ ಬರೆದದ್ದು ಹಾಗೇ ಉಳಿದಿರುತ್ತದೆ. ಕಾರಣ, ಆರ್ಡುಯಿನೋದ ಯಾವುದೋ ಕಾಲು 5 ವೋಲ್ಟ್‌ನಲ್ಲಿ ನಿಂತಿದ್ದರೆ, ಚಿಪ್ಪಿನ ಒಳಗಿನ ರಕ್ಷಣಾ ಡಯೋಡ್ ಮೂಲಕ ಕರೆಂಟ್ ಹಿಂಬಾಗಿಲಿನಿಂದ ನುಗ್ಗಿ ಅದನ್ನು ಜೀವಂತ ಇಡುತ್ತದೆ. ಪವರ್ ತೆಗೆಯುವ ಮುಂಚೆ ಎಲ್ಲ ಕಾಲುಗಳನ್ನೂ ಕೆಳಗಿಳಿಸಿದರೆ ಮಾತ್ರ ಪರೀಕ್ಷೆ ನಿಜ.

ಬಿಚ್ಚಿದ ಚಿಪ್ ಚೆನ್ನಾಗಿದೆಯೇ ಅಂತ ನೋಡಲು ಹೆಕ್ಸ್ 55 (ಬಿಟ್‌ಗಳಲ್ಲಿ 01010101) ತುಂಬಿ ಓದಿ, ಆಮೇಲೆ ಎಎ (10101010) ತುಂಬಿ ಓದುತ್ತೇನೆ. ಪಕ್ಕಪಕ್ಕದ ಬಿಟ್‌ಗಳು ಉಲ್ಟಾ ಇರುವುದರಿಂದ ಡೇಟಾ ಕಾಲುಗಳು ಅಂಟಿಕೊಂಡಿದ್ದರೆ ಸಿಕ್ಕಿಬೀಳುತ್ತದೆ. ವಿಳಾಸದ ಕಾಲು ಅಂಟಿದ್ದರೆ ಇದರಲ್ಲಿ ಸಿಗುವುದಿಲ್ಲ. ಅದಕ್ಕೆ ಪ್ರತಿ ಮನೆಯಲ್ಲೂ ಅದರದೇ ವಿಳಾಸ ಬರೆದು ಓದಬೇಕು.

ಆಮೇಲೆ ಬೆಂಚ್ ಸಪ್ಲೈ ತಂದು ಚಿಪ್ಪಿನ ವೋಲ್ಟೇಜ್ ನಿಧಾನಕ್ಕೆ ಇಳಿಸಿ, ಮತ್ತೆ 5ಕ್ಕೆ ಏರಿಸಿ ಓದಿದೆವು. ತಯಾರಕರ ಮಾಹಿತಿ ಪತ್ರ, ಅಂದರೆ ಡೇಟಾಶೀಟ್, 2 ವೋಲ್ಟ್ ತನಕ ನೆನಪಿನ ಭರವಸೆ ಕೊಡುತ್ತದೆ. ನಮ್ಮ ಚಿಪ್ ಅದಕ್ಕೂ ಕೆಳಗೆ ಹಿಡಿದಿತ್ತು, ಇನ್ನೂ ಇಳಿಸಿದಾಗ ಒಂದೊಂದೇ ಬಿಟ್ ಕೈಬಿಡತೊಡಗಿತು. ಎಲ್ಲ ಒಟ್ಟಿಗೆ ಹೋಗುವುದಿಲ್ಲ, ದುರ್ಬಲವಾದವು ಮೊದಲು. ಮಿಲ್ಲಿನಿಂದ ಬರುವ ಕಂಟ್ರೋಲರ್‌ಗಳಲ್ಲಿ ಎಲ್ಲ ಸೆಟ್ಟಿಂಗ್ ಸರಿ ಇದ್ದು ಒಂದೇ ಒಂದು ಅಂಕಿ ಹುಚ್ಚಾಗಿರುವುದು ಯಾಕೆ ಅಂತ ಆವತ್ತು ಹುಡುಗರಿಗೆ ಹೊಳೆಯಿತು. ಸೆಲ್ ಪೂರ್ತಿ ಸತ್ತಿಲ್ಲ, ಸಾಯುತ್ತಿದೆ.

ಸೆಲ್‌ನ ಆಯುಸ್ಸಿನ ಲೆಕ್ಕ ಹೀಗೆ. ಸಿಆರ್2032 ಸೆಲ್ ಸುಮಾರು 220 ಮಿಲಿಆಂಪ್ ಅವರ್. ಕಡಿಮೆ ಹೀರುವ ಜಾತಿಯ ಚಿಪ್ 2 ಮೈಕ್ರೋಆಂಪ್ ತೆಗೆದುಕೊಂಡರೆ 1,10,000 ಗಂಟೆ, ಅಂದರೆ ಹನ್ನೆರಡು ವರ್ಷದ ಮೇಲಾಯಿತು. ಕಾಗದದ ಮೇಲೆ ಚೆಂದ. ಆದರೆ ಸಿಲಿಕಾನಿನ ಸೋರಿಕೆ ಸುಮಾರಾಗಿ ಪ್ರತಿ 10 ಡಿಗ್ರಿಗೆ ಇಮ್ಮಡಿ ಆಗುತ್ತದೆ. 25 ಡಿಗ್ರಿಯ ಲೆಕ್ಕವನ್ನು 55 ಡಿಗ್ರಿಗೆ ತಂದರೆ ಎಂಟು ಪಟ್ಟು, ಹನ್ನೆರಡು ವರ್ಷ ಹೋಗಿ ಒಂದೂವರೆ ವರ್ಷ ಉಳಿಯಿತು. ನಮ್ಮ ಕಡೆ ಇರುವುದೇ ಎರಡು ಕಾಲ, ಬ್ಯಾಸಿಗಿ ಮತ್ತು ಬಿರುಬ್ಯಾಸಿಗಿ. ತಗಡಿನ ಶೆಡ್ಡು, ಧೂಳು ಹೋಗಬಾರದೆಂದು ಗಟ್ಟಿಯಾಗಿ ಮುಚ್ಚಿದ ಪ್ಯಾನೆಲ್. ಮೇನ್ಸ್ ಇದ್ದಾಗ ಸೆಲ್ ಏನೂ ಕೊಡಬೇಕಿಲ್ಲ, ಮಿಲ್ ಬಂದ್ ಆಗಿ ಮೇನ್ ಇಳಿಸಿದ ಬೇಸಿಗೆಯಲ್ಲೇ ಅದರ ಪರೀಕ್ಷೆ.

ಸೆಲ್ ಮತ್ತು 5 ವೋಲ್ಟ್ ಎರಡೂ ಒಂದೊಂದು ಡಯೋಡ್ ಮೂಲಕ ಚಿಪ್ಪಿನ 28ನೇ ಕಾಲಿಗೆ ಸೇರುತ್ತವೆ. 5 ವೋಲ್ಟಿನ ಕಡೆ ಸಾಮಾನ್ಯ 4007 ಡಯೋಡ್ ಹಾಕಿದರೆ 0.7 ವೋಲ್ಟ್ ಅದೇ ತಿಂದುಬಿಟ್ಟು ಚಿಪ್ಪಿಗೆ 4.3 ಸಿಗುತ್ತದೆ, ಬೇಕಾದದ್ದು ಕನಿಷ್ಠ 4.5. ಆದ್ದರಿಂದ ಅಲ್ಲಿ ಕಡಿಮೆ ವೋಲ್ಟೇಜ್ ತಿನ್ನುವ ಶಾಟ್ಕಿ ಡಯೋಡ್. ಶಾಟ್ಕಿಯಲ್ಲೂ ದೊಡ್ಡದು ಬೇಡ. ದೊಡ್ಡ ಶಾಟ್ಕಿ ಹಿಂದಕ್ಕೆ ಸೋರುತ್ತದೆ, ಬಿಸಿಯಾದರೆ ಇನ್ನೂ ಹೆಚ್ಚು, ಚಿಪ್ ಕುಡಿಯುವುದಕ್ಕಿಂತ ಹೆಚ್ಚನ್ನು ಅದೇ ಕುಡಿದು ಸೆಲ್ ಮುಗಿಸುತ್ತದೆ. ಸೆಲ್ ಕಡೆಗೆ 4148 ಚಲೋ. ಬೀಳುವ ವೋಲ್ಟೇಜ್ ಸ್ವಲ್ಪ ಹೆಚ್ಚಾದರೂ 2ರ ಮೇಲೆ ಉಳಿಯುತ್ತದೆ, ಸೋರಿಕೆ ಇಲ್ಲವೆನ್ನುವಷ್ಟು ಕಡಿಮೆ. ಜೊತೆಗೊಂದು 1 ಕಿಲೋಓಮ್ ಸರಣಿಯಲ್ಲಿ ಇರಲಿ. ಲಿಥಿಯಂ ಬಟನ್ ಸೆಲ್ಲಿಗೆ ಹಿಂದಿನಿಂದ ಚಾರ್ಜ್ ಹೋಗಕೂಡದು, ಡಯೋಡ್ ಶಾರ್ಟ್ ಆದ ದಿನ ಈ ರೆಸಿಸ್ಟರೇ ದಿಕ್ಕು.

ಇಷ್ಟೆಲ್ಲ ಸರಿ ಇದ್ದೂ ನೆನಪು ಹೋಗುವ ಬೋರ್ಡ್‌ಗಳು ಬರುತ್ತವೆ. ಅಲ್ಲಿ ನೋಡಬೇಕಾದದ್ದು 20ನೇ ಕಾಲು. ಕರೆಂಟ್ ಹೋಗುವಾಗ 5 ವೋಲ್ಟ್ ಒಮ್ಮೆಗೇ ಬೀಳುವುದಿಲ್ಲ, ಇಳಿಜಾರಾಗಿ ಇಳಿಯುತ್ತದೆ. ಆ ಹೊತ್ತಿನಲ್ಲಿ ಪ್ರೊಸೆಸರ್ ಅಮಲೇರಿದವರಂತೆ ಬಾಯಿಗೆ ಬಂದದ್ದು ಬರೆಯಬಲ್ಲದು. ಅದಕ್ಕೇ ಚಿಪ್ ಎನೇಬಲ್ ಕಾಲನ್ನು ಒಂದು ರೆಸಿಸ್ಟರ್ ಮೂಲಕ ಎತ್ತಿ ಹಿಡಿದಿರುತ್ತಾರೆ, ಅದೂ 5 ವೋಲ್ಟಿನ ಲೈನಿಗಲ್ಲ, ಸೆಲ್ ಕಾಯುವ 28ನೇ ಕಾಲಿನ ಲೈನಿಗೆ. ಒಳ್ಳೆಯ ಬೋರ್ಡ್‌ಗಳಲ್ಲಿ ಈ ಕಾವಲಿಗೇ ಡಿಎಸ್1210ರಂಥ ಬೇರೆ ಚಿಪ್ ಇರುತ್ತದೆ. ಹಳೇ ಬೋರ್ಡ್‌ಗಳಲ್ಲಿ ಬಟನ್ ಸೆಲ್ ಬದಲು ಚಾರ್ಜ್ ಆಗುವ ನಿಕಲ್ ಕ್ಯಾಡ್ಮಿಯಂ ಸೆಲ್ ಇದ್ದರೆ ಅದು ಸೋರಿ, ಹಸಿರು ಕಿಲುಬು ಕಟ್ಟಿ, ಈ ರೆಸಿಸ್ಟರಿನ ಟ್ರ್ಯಾಕನ್ನೇ ತಿಂದಿರುತ್ತದೆ. ಕಣ್ಣಿಗೆ ಟ್ರ್ಯಾಕ್ ಇದ್ದಂತೆ ಕಾಣುತ್ತದೆ, ಮೀಟರ್ ಇಟ್ಟರೆ ಕೂಗುವುದಿಲ್ಲ. ಸೋರಿದ್ದು ಕ್ಷಾರ, ಬಿಳಿ ವಿನೆಗರ್ ಹಚ್ಚಿ ಕಿಲುಬು ಕರಗಿಸಿ, ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ತೊಳೆದು, ಟ್ರ್ಯಾಕ್ ಮೇಲೆ ತೆಳು ವೈರ್ ಎಳೆದು ಬೆಸೆಯುತ್ತೇನೆ.

ಸೆಲ್ ಬದಲಿಸುವುದು ಮಷಿನ್ ಚಾಲೂ ಇರುವಾಗಲೇ. ಮೊದಲು ಡಿಸ್‌ಪ್ಲೇಯಲ್ಲಿನ ಎಲ್ಲ ಸೆಟ್ಟಿಂಗ್‌ಗಳ ಫೋಟೋ ಹೊಡೆದುಕೊಳ್ಳಿ. ಹೋಲ್ಡರ್ ಇದ್ದರೆ ಎಳೆದು ಹಾಕಿದರಾಯಿತು. ಬೆಸೆದ ಸೆಲ್ ಆದರೆ ಇನ್ನೊಂದು 3 ವೋಲ್ಟ್ ಸೆಲ್ಲನ್ನು ಡಯೋಡ್ ಸಮೇತ ಚಿಪ್ಪಿನ 28 ಮತ್ತು 14ನೇ ಕಾಲಿಗೆ ಕ್ಲಿಪ್ ಮಾಡಿ, ಮೇನ್ಸ್ ಇಳಿಸಿ, ಕಾದ ಐರನ್ನಿನ ಪ್ಲಗ್ ಕಿತ್ತು, ಆ ಬಿಸಿಯಲ್ಲೇ ಹಳೆಯದನ್ನು ಬಿಚ್ಚಿ. ಹೊಸ ಸೆಲ್ ಮೇಲೆ ತಿಂಗಳು, ವರ್ಷ ಮಾರ್ಕರ್‌ನಲ್ಲಿ ಬರೆಯಿರಿ. ತೂಕದ ಯಂತ್ರವಾಗಿದ್ದರೆ ಕೆಲಸ ಅಲ್ಲಿಗೇ ಮುಗಿಯಲಿಲ್ಲ, ಸೀಲ್ ಬಿಚ್ಚಿದ ಮೇಲೆ ಕಾನೂನು ಮಾಪನ ಇಲಾಖೆಯ ಮರುಮುದ್ರೆ ಆಗಬೇಕು. ಅದಕ್ಕೆ ಲೈಸೆನ್ಸ್ ಇರುವ ರಿಪೇರಿಯವರೇ ಬೇಕು. ನಾನು ಬೋರ್ಡ್ ಮಾಡಿ ಅವರ ಕೈಗೆ ಕೊಡುತ್ತೇನೆ.